ಕಲ್ಲೇಶನ ಎಡಗಡೆ

"ನಿನ್ನ ಮದುವೆ ಬಸ್ಸು ನಾನೇ ಓಡಿಸೋದು. ಮಾತು ಅಂದ್ರೆ ಮಾತು," ಅಂದಿದ್ದ ಕಲ್ಲೇಶ. ಆಗ ಅವನು ಬಸ್ಸಿನ ಕ್ಲೀನರ್. ಸಂಧ್ಯಾರಾಣಿ ಪಿಯುಸಿ ಓದುತ್ತಿದ್ದಳು.

"ಮದುಮಗ ಯಾರಂತೆ?"

"ಅವನೂ ನಾನೇ."

ಅವಳು ಹೂಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ. ವರ್ಷಗಳು ಕಳೆದು ಅವನು ಡ್ರೈವರ್ ಆದ. ಅವಳು ಚನ್ನಗಿರಿಯ ಕಣ್ಣಾಸ್ಪತ್ರೆಯಲ್ಲಿ ಟೆಕ್ನಿಷಿಯನ್ ಆದಳು. ಸಂತೇಬೆನ್ನೂರಿನ ಸ್ಟಾಪು ದಾಟಿದ ಮೇಲೆ ಒಂದು ಹೊಂಗೆ ಮರ. ಅಲ್ಲಿ ದಿನಾ ಅವಳೊಬ್ಬಳಿಗಾಗಿ ಬಸ್ಸು ನಿಲ್ಲುತ್ತಿತ್ತು. ಮೇಲಿನ ಕನ್ನಡಿಯಲ್ಲಿ ಎರಡು ಕಣ್ಣು ಅವಳನ್ನು ಹುಡುಕುತ್ತಿದ್ದವು, ಸಿಕ್ಕಿದ ಮೇಲೆಯೇ ಗೇರು ಬೀಳುತ್ತಿತ್ತು.

ಈ ಸಲ ರಜೆ ಹಾಕಿ ಹೊನ್ನಾಳಿಯ ಅಕ್ಕನ ಮನೆಗೆ ಹೋದವಳು ಮನಸ್ಸು ಗಟ್ಟಿ ಮಾಡಿಕೊಂಡು ಒಂದು ದಿನ ಮೊದಲೇ ಬಂದಳು. ಹೂಂ ಅನ್ನಲೆಂದೇ ಹಳದಿ ಸೀರೆ ಉಟ್ಟು ಮರದ ಕೆಳಗೆ ನಿಂತಳು. ಬಸ್ಸು ಬಂತು. ಕೈ ಎತ್ತಿದಳು. ಬಸ್ಸು ಹೋಯಿತು.

ಸೀರೆಯ ಮೇಲೆಲ್ಲ ಧೂಳು. ಅಲ್ಲೇ ನಿಂತು ಅವನ ನಂಬರು ಬ್ಲಾಕ್ ಮಾಡಿದಳು.

ಮೂರನೇ ವಾರ ಅವನೇ ಆಸ್ಪತ್ರೆಗೆ ಬಂದ. ಸೇತುವೆಯ ಕಟ್ಟೆಗೆ ಬಸ್ಸಿನ ಎಡಮೈ ಮತ್ತೆ ಉಜ್ಜಿತ್ತಂತೆ. ಡಾಕ್ಟರು ನೋಡಿ, ಸುತ್ತಲಿನ ನೋಟ ಎಷ್ಟಿದೆ ಎಂದು ಅಳೆಯುವ ಫೀಲ್ಡ್ ಟೆಸ್ಟಿಗೆ ಬರೆದಿದ್ದರು. ಅದನ್ನು ಮಾಡುವವಳು ಸಂಧ್ಯಾ.

"ಗದ್ದ ಇಲ್ಲಿಡ್ರಿ."

"ಈ ರೀ ಯಾವಾಗಿಂದ ಬಂತು?"

"ಪೇಷಂಟ್‌ಗೆಲ್ಲ ಹಂಗೇ ಅನ್ನೋದು." ಅವನ ಬಲಗಣ್ಣಿಗೆ ಪಟ್ಟಿ ಕಟ್ಟಿ ಬಟನ್ ಕೈಗೆ ಕೊಟ್ಟಳು. "ನಡುವಿನ ಲೈಟೇ ನೋಡ್ತಿರಬೇಕು. ಸುತ್ತ ಎಲ್ಲಾದ್ರೂ ಚುಕ್ಕಿ ಮಿಂಚಿದ್ರೆ ಒತ್ತಬೇಕು."

ದೊಡ್ಡ ಬಟ್ಟಲಿನಂಥ ಯಂತ್ರದೊಳಗೆ ಅವನ ಮುಖ ಮುಳುಗಿತು. ಅವಳ ಕಂಪ್ಯೂಟರಿನ ತುಂಬ ಅವನ ಒಂದು ಕಣ್ಣು. ಕನ್ನಡಿಯಲ್ಲಿ ಹುಡುಕುತ್ತಿದ್ದ ಅದೇ ಕಣ್ಣು! ಎಷ್ಟು ಸಿಟ್ಟಿದ್ದರೂ ಎದೆ ಒಮ್ಮೆ ಜಗ್ಗಿತು. ಅದಕ್ಕೆ ಇನ್ನಷ್ಟು ಸಿಟ್ಟು ಬಂತು.

ಕಣ್ಣು ನಿಲ್ಲಲೇ ಇಲ್ಲ. ಎಡಕ್ಕೆ, ಬಲಕ್ಕೆ, ಮೇಲಕ್ಕೆ. ಯಂತ್ರ ತಪ್ಪು ತಪ್ಪು ಎಂದು ಬಡಿದುಕೊಂಡಿತು.

"ಇಲ್ಲಿ ಕನ್ನಡಿ ಇಲ್ಲ."

"ಡ್ರೈವರ್ ಕಣ್ಣು ಒಂದೇ ಕಡೆ ನಿಂತಾವಾ? ನಿನ್ನ ಹುಡುಕಿದೆ, ಕಾಣಲಿಲ್ಲ."

"ಅವತ್ತೂ ಕಾಣಲಿಲ್ಲ ಬಿಡ್ರಿ."

"ಯಾವತ್ತು?"

"ನಾಚಿಕೆ ಆಗಲ್ವಾ ನಿಂಗೆ? ಹಳದಿ ಸೀರೆ ಉಟ್ಟು ಮರದ ಕೆಳಗೆ ಕಂಬದಂಗೆ ನಿಂತಿದ್ದೆ. ಕೈನೂ ಎತ್ತಿದೆ. ಹಾರ್ನ್ ಕೂಡ ಹೊಡೀದೆ ಹೋದೆ!" ರೀ ಎಲ್ಲೋ ಬಿದ್ದುಹೋಗಿತ್ತು.

"ನೀನು ಹೊನ್ನಾಳಿಯಾಗೆ ಇದ್ದೆ ಅಂದ್ಕೊಂಡಿದ್ದೆ. ಆದ್ರೂ ಮರದ ಹತ್ರ ನೋಡಿದೆ ಕಣೇ. ಯಾರೂ ಇರಲಿಲ್ಲ."

"ಸುಳ್ಳ! ನಡುವೆ ನೋಡು, ಮೊದಲಿಂದ ಶುರು ಮಾಡ್ತೀನಿ."

ಈ ಸಲ ಕಣ್ಣು ಅಲುಗಲಿಲ್ಲ. ಬಲಗಡೆ ಚುಕ್ಕಿ ಮಿಂಚಿದಾಗ ಒಂದೆರಡು ಸಲ ಒತ್ತಿದ. ಎಡಗಡೆ ಮಿಂಚಿತು. ಕೈ ಸುಮ್ಮನಿತ್ತು. ಮತ್ತೆ ಮಿಂಚಿತು, ಬೆಳಕು ಹೆಚ್ಚಿಸಿ ಮತ್ತೊಮ್ಮೆ. ಒತ್ತೋ ಮಾರಾಯ, ಎಂದು ಅವಳು ಒಳಗೊಳಗೇ ಕೂಗಿದಳು. ನಡುವಿನ ಲೈಟನ್ನೇ ನಂಬಿ ಆ ಕಣ್ಣು ಅಗಲವಾಗಿ ತೆರೆದುಕೊಂಡಿತ್ತು.

ಬಲಗಣ್ಣಿನ ಸರದಿಯೂ ಮುಗಿಯಿತು. ಎಡಗಣ್ಣಿನ ಚಿತ್ರ ಬಹುಪಾಲು ಕಪ್ಪು, ಅಂದರೆ ಅಲ್ಲೆಲ್ಲ ನೋಟವಿಲ್ಲ. ಬಲಗಣ್ಣಿನದರಲ್ಲೂ ಎಡಬದಿಗೆ ಕಪ್ಪು. ಗ್ಲಾಕೋಮಾ, ಎಂದರು ಡಾಕ್ಟರು. ಹೋದ ನೋಟ ಬರುವುದಿಲ್ಲ, ಉಳಿದದ್ದಕ್ಕೆ ದಿನಾ ಡ್ರಾಪ್ಸ್ ಹಾಕಬೇಕು, ಬಸ್ಸು ಮುಟ್ಟಬಾರದು.

"ಗೋಡೆ ಬೋರ್ಡಿನ ಸಣ್ಣಕ್ಷರನೂ ಓದಿದೆ! ಮಿಷನ್ನೇ ಕೆಟ್ಟೈತೆ," ಹೊರಗೆ ಬಂದು ಹಾರಾಡಿದ ಕಲ್ಲೇಶ. "ಇನ್ನೊಂದ್ಸಲ ಹಾಕು. ಟಕಟಕ ಒತ್ತಿಬಿಡ್ತೀನಿ, ಯಾರಿಗೆ ಗೊತ್ತಾಗುತ್ತೆ?"

"ಮಿಷನ್‌ಗೇ ಗೊತ್ತಾಗುತ್ತೆ. ಲೈಟು ಬರದಿದ್ದಾಗ ಒತ್ತಿದ್ರೆ ಅದೂ ಎಣಿಸ್ತೈತೆ. ಮೊದಲು ಬಸ್ಸು ಉಜ್ಜಿದಾಗ ನಿಮ್ಮ ಮಾಲೀಕರು ಏನ್ ಮಾಡಿದ್ರು?"

"ಬಣ್ಣ ಹೊಡೆಸಿದ್ರು."

"ಬಣ್ಣ! ಕಣ್ಣು ತೋರ್ಸು ಅನ್ನಾಕೆ ಬಾಯಿ ಬರಲಿಲ್ಲ ಅವರಿಗೆ. ಇಷ್ಟುದ್ದ ಇರೋ ನಾನು ಕಾಣಲಿಲ್ಲ ನಿಂಗೆ. ಎಡಬಾಗಿಲಲ್ಲಿ ಇಳಿಯೋ ಸ್ಕೂಲ್ ಮಕ್ಕಳು ಕಾಣ್ತಾರಾ?"

ಅವನ ದನಿ ಇಳಿಯಿತು. "ಸ್ಟೇರಿಂಗ್ ಬಿಟ್ರೆ ನಾನ್ಯಾರೇ? ನಿಂಗೆ ಕೊಟ್ಟ ಮಾತೇನಾಗುತ್ತೆ?"

"ಹಾಳಾಗ್ಲಿ ಆ ಮಾತು! ಹೂಂ ಅನ್ನಾಕೆ ನಿಂತಿದ್ದೆ ಅವತ್ತು. ಈಗಲೂ ಹೂಂ. ಆದ್ರೆ ಮೊದಲು ಕೀ ಕೊಟ್ಟು ಬಾ."

ಅವನು ಜೇಬಿನಿಂದ ಕೀ ತೆಗೆದ. ಬಹಳ ಹೊತ್ತು ಅದನ್ನೇ ನೋಡಿದ. ಆಮೇಲೆ ಅವಳಿಗಾಗಿ ಅತ್ತಿತ್ತ ನೋಡಿದ. ಅವಳು ಅವನ ಎಡಕ್ಕೇ ನಿಂತಿದ್ದಳು. ಇಡೀ ತಲೆ ತಿರುಗಿಸಿದ ಮೇಲೆ ಸಿಕ್ಕಳು.

"ಇಲ್ಲೇ ಇದೀಯಾ?"

ಅವಳು ಅವನ ಬಲಗಡೆಗೆ ಬಂದು ನಿಂತಳು. "ನಡಿ, ನಾನೂ ಬರ್ತೀನಿ. ನಿಮ್ಮ ಮಾಲೀಕರಿಗೂ ಎರಡು ಮಾತು ಹೇಳೋದೈತೆ."

ಮದುವೆ ಹೊನ್ನಾಳಿಯಲ್ಲಾಯಿತು. ವಾಪಸು ಬರುವಾಗ ಸಂಧ್ಯಾ ಕಲ್ಲೇಶನ ಬಲಕ್ಕೆ ಕೂತಿದ್ದಳು. ಹೊಂಗೆ ಮರದ ಹತ್ತಿರ ಬಸ್ಸು ನಿಂತಿತು.

ಕಲ್ಲೇಶ ಮದುವೆ ಬಸ್ಸು ಓಡಿಸಲಿಲ್ಲ. ಅವನ ಜಾಗಕ್ಕೆ ಬಂದ ಹೊಸ ಡ್ರೈವರ್ ಓಬಳಪ್ಪ ಓಡಿಸಿದ.