ಎಡಗಡೆಯ ಚೀಟಿ

2024ರ ಏಪ್ರಿಲ್ 28, ಭಾನುವಾರ, ಮಧ್ಯಾಹ್ನ ಹನ್ನೆರಡು ಗಂಟೆ ಇಪ್ಪತ್ತು ನಿಮಿಷ. ಮೋಹನದಾಸ್ ಅಂಕಲ್ ಬೋರ್ಡಿನ ಬಲಗಡೆಯಿಂದ ಒಂದು ಚೀಟಿ ಕಿತ್ತು ಎಡಗಡೆಗೆ ಅಂಟಿಸಿದರು.

ಚೀಟಿಯ ಮೇಲೆ ‘ಹುಲಿಗೆವ್ವ’ ಎಂದಿತ್ತು. ಬರೆದವಳು ಸ್ನೇಹಲ್. ಹುಲಿಗೆವ್ವ ಅವಳ ಅಜ್ಜಿ.

“ಅಂಕಲ್, ಅದು ಬಲಗಡೆದು,” ಎಂದಳು ಸ್ನೇಹಲ್.

ಪುಣೆಯ ಶಿವಾಜಿನಗರದ ಆ ಚರ್ಚ್ ಹಾಲ್‌ನಲ್ಲಿ ಬೆಳಿಗ್ಗೆ ಮರಾಠಿ ಆರಾಧನೆ, ಅದು ಮುಗಿದ ಮೇಲೆ ಕನ್ನಡದ್ದು. ದೊಡ್ಡವರು ಒಳಗೆ ಹಾಡುವಾಗ ಮಕ್ಕಳಿಗೆ ಹಿಂದಿನ ಕೋಣೆಯಲ್ಲಿ ಸಂಡೇ ಸ್ಕೂಲ್. ಅಂದಿನ ಪಾಠ ಕಡೇ ದಿನದ ನ್ಯಾಯತೀರ್ಪು. ಲೋಕ ಮುಗಿಯುವ ದಿನ ರಾಜನು ಸಿಂಹಾಸನದ ಮೇಲೆ ಕೂತು, ಕುರುಬನು ಕುರಿ ಮತ್ತು ಆಡುಗಳನ್ನು ಬೇರೆ ಮಾಡುವಂತೆ ಜನರನ್ನು ಬೇರೆ ಮಾಡುತ್ತಾನೆ. ಕುರಿಗಳು ಬಲಕ್ಕೆ, ಆಡುಗಳು ಎಡಕ್ಕೆ. ಎಡಗಡೆಯವರಿಗೆ ಆರದ ಬೆಂಕಿ. ಮೋಹನದಾಸ್ ಅಂಕಲ್ ಬೋರ್ಡಿನ ನಡುವೆ ಚಾಕ್‌ನಿಂದ ಗೆರೆ ಎಳೆದು, ಮನೆಯವರ ಹೆಸರು ಬರೆದು ಅಂಟಿಸಿ ಎಂದಿದ್ದರು.

“ಅಜ್ಜಿಗೆ ದೀಕ್ಷಾಸ್ನಾನ ಆಗಿಲ್ಲಲ್ಲವ್ವಾ,” ಎಂದರು ಅವರು, ಮೆಲ್ಲಗೆ. “ಮನ್ಯಾಗ ದೇವಿ ಫೋಟೋಕ್ಕ ದೀಪಾ ಹಚ್ತಾರ. ಅದಕ್ಕ ಸದ್ಯಕ್ಕ ಈ ಕಡೆ ಇರ್ಲಿ. ನಾವೆಲ್ಲಾ ಅವ್ರಿಗಾಗಿ ಪ್ರಾರ್ಥನಾ ಮಾಡೋಣು.”

ಹಿಂದಿನ ಬೆಂಚಿನಿಂದ ಓಂಕಾರ್, “ಹುಲಿ ಅಲ್ಲಲೇ, ಆಡು. ಮ್ಯಾ...” ಎಂದ. ಇಡೀ ಕ್ಲಾಸು ನಕ್ಕಿತು.

ಸ್ನೇಹಲ್‌ಳ ಕಿವಿ ಬಿಸಿಯಾದವು. ಏನೋ ಹೇಳಬೇಕೆಂದು ಬಾಯಿ ತೆರೆದಳು, ಅಳು ಬರುವ ಹಾಗಾಯಿತು. ಅಳುವುದು ಬೇಡವೆಂದು ಎದ್ದು ಹೊರಟೇಬಿಟ್ಟಳು. ಅವ್ವ ಶಿವಕಾಂತಾ ಒಳಗೆ ಹಾಡುತ್ತಿದ್ದಳು, ಅವಳಿಗೂ ಹೇಳಲಿಲ್ಲ. ಸತ್ಯವೇದವಿದ್ದ ಚೀಲ ಬೆಂಚಿನ ಮೇಲೆಯೇ ಉಳಿಯಿತು.

ರಸ್ತೆಯ ಡಾಂಬರು ಚಪ್ಪಲಿಗೆ ಅಂಟುತ್ತಿತ್ತು. ಸ್ನೇಹಲ್ ದಾರಿಯುದ್ದಕ್ಕೂ ತಾನೇ ನ್ಯಾಯತೀರ್ಪು ಮಾಡುತ್ತ ನಡೆದಳು. ಮೋಹನದಾಸ್ ಅಂಕಲ್, ಎಡಕ್ಕೆ. ಓಂಕಾರ್, ಎಡಕ್ಕೆ, ಬೆಂಕಿಯ ನಟ್ಟನಡುವೆ. ನಕ್ಕವರೆಲ್ಲ ಎಡಕ್ಕೆ. ಹಾರ್ನ್ ಹೊಡೆದು ಬೆಚ್ಚಿಬೀಳಿಸಿದ ರಿಕ್ಷಾದವನೂ ಎಡಕ್ಕೆ. ಸ್ಟೇಷನ್ ಹಿಂದಿನ ಚಾಳಿನ ತಮ್ಮ ಮನೆ ಮುಟ್ಟುವಷ್ಟರಲ್ಲಿ ಬಲಗಡೆ ಅಜ್ಜಿಯನ್ನು ಬಿಟ್ಟರೆ ಯಾರೂ ಇರಲಿಲ್ಲ.

ಬಾಗಿಲಲ್ಲಿ ಅಜ್ಜಿ ಮೆಂತ್ಯ ಸೋಸುತ್ತ ಕೂತಿದ್ದಳು. “ಯಾಕ ಕೂಸ, ಮಾರಿ ಹಿಂಗ್ ಕೆಂಪಾಗ್ಯಾದ?”

“ಬಿಸ್ಲಿಗೆ,” ಎಂದಳು ಸ್ನೇಹಲ್. ಅಜ್ಜಿಗೆ ಆ ಮಾತು ಹೇಳಲು ಅವಳಿಂದಾಗಲಿಲ್ಲ. ಎಡಗಡೆ ಎಂದರೆ ಏನು ಎಂದು ಅಜ್ಜಿ ಕೇಳಿದರೆ?

ಅಜ್ಜಿಯ ಪಕ್ಕದಲ್ಲಿ ಕಬ್ಬಿಣದ ಸ್ಟ್ಯಾಂಡಿನ ಮೇಲೆ ಮಣ್ಣಿನ ಮಡಕೆ ಇತ್ತು. ಬೇಸಿಗೆ ಬಂತೆಂದರೆ ಅಜ್ಜಿ ದಿನಾ ಬೆಳಿಗ್ಗೆ ಅದನ್ನು ತುಂಬಿ ಹೊರಗಿಡುತ್ತಾಳೆ. ಸ್ಟೇಷನ್‌ಗೆ ಹೋಗುವ ಹಮಾಲರು, ತರಕಾರಿ ಮಾರುವವರು, ಯಾರು ಬೇಕಾದರೂ ಕುಡಿಯಬಹುದು. ಈ ವರ್ಷ ಆ ಮಡಕೆಯೇ ಸ್ನೇಹಲ್‌ಳ ರಜೆಯ ಪ್ರಾಜೆಕ್ಟ್. ಎಷ್ಟು ನೀರು ಹಾಕಿದೆವು, ಎಷ್ಟು ಜನ ಕುಡಿದರು, ಎಷ್ಟು ಆವಿಯಾಯಿತು ಎಂದು ದಿನಾ ಅಳೆದು ಬರೆಯಬೇಕೆಂದು ಸೈನ್ಸ್ ಕಲಿಸುವ ಭಾಮಾ ಮಿಸ್ ಹೇಳಿದ್ದರು. ಮಡಕೆಗೆ ಹದಿನೈದು ಲೀಟರ್ ಹಿಡಿಯುತ್ತದೆ. ಸ್ಟೀಲ್ ಗ್ಲಾಸಿಗೆ ಇನ್ನೂರೈವತ್ತು ಮಿಲಿಲೀಟರ್. ಹನ್ನೊಂದು ದಿನದ ಲೆಕ್ಕ ನೋಟ್‌ಬುಕ್ಕಿನಲ್ಲಿತ್ತು. ಬಂದವರು ಸಾಮಾನ್ಯವಾಗಿ ಒಂದು ಗ್ಲಾಸ್ ಕುಡಿಯುತ್ತಿದ್ದರು, ಕೆಲವರು ಎರಡು. ಮೂರು ಕುಡಿದವರು ಒಬ್ಬರೂ ಇಲ್ಲ.

ಊಟ ಮಾಡಿದರೂ ಸಿಟ್ಟು ಇಳಿಯಲಿಲ್ಲ. ಅಪ್ಪ ಅಂಬಾದಾಸನಿಗೆ ಹೇಳೋಣವೆಂದರೆ ಅವನು ರಾಂಜಣಗಾಂವದ ಫ್ಯಾಕ್ಟರಿಯಲ್ಲಿ, ಓವರ್‌ಟೈಮು. ಅವ್ವ ಫೋನ್ ಮಾಡಿ, ಹೇಳದೆ ಹೋದದ್ದಕ್ಕೆ ಬೈದು, ಅಲ್ಲಿಂದಲೇ ಆಸ್ಪತ್ರೆ ಡ್ಯೂಟಿಗೆ ಹೋದಳು. ಅಜ್ಜಿ ಪಕ್ಕದ ಮನೆಗೆ ಶಾವಿಗೆ ಮಾಡಲು ಹೋದಾಗ ಸ್ನೇಹಲ್ ನೋಟ್‌ಬುಕ್ಕಿನ ಕೊನೆಯ ಪುಟ ತೆಗೆದು, ಬಾಲ್‌ಪೆನ್ನಿನಿಂದ ‘ಎಡಗಡೆ’ ಎಂದು ದಪ್ಪಕ್ಷರದಲ್ಲಿ ಬರೆದಳು. ಕೆಳಗೆ, ಒಂದು, ಮೋಹನದಾಸ್ ಅಂಕಲ್. ಎರಡು, ಓಂಕಾರ್. ಪೆನ್ನು ಒತ್ತಿದ ಒತ್ತಿಗೆ ಹಾಳೆ ತೂತಾಯಿತು.

ಮೂರೂಮುಕ್ಕಾಲಿಗೆ ಮಡಕೆ ಖಾಲಿಯಾಗಿತ್ತು. ಅದರ ತಳ ನೋಡಿ ತಲೆ ಎತ್ತಿದರೆ, ಎದುರಿಗೆ ಮೋಹನದಾಸ್ ಅಂಕಲ್ ನಿಂತಿದ್ದರು.

ಶರ್ಟು ಬೆನ್ನಿಗೆ ಅಂಟಿತ್ತು. ಕೈಯಲ್ಲಿ ಸ್ನೇಹಲ್‌ಳ ಚೀಲ. ಅವ್ವನ ಕೈಗೆ ಕೊಡಬೇಕೆಂದರೆ ಅವಳು ಆಗಲೇ ಹೋಗಿದ್ದಳಂತೆ. ಸ್ಕೂಟರ್ ಅರ್ಧ ದಾರಿಯಲ್ಲಿ ಪಂಕ್ಚರ್ ಆಯಿತು, ಭಾನುವಾರ ಎಂದು ಅಂಗಡಿ ಮುಚ್ಚಿತ್ತು, ಅಲ್ಲಿಂದ ನಡೆದೇ ಬಂದೆ ಎಂದರು. ಆಮೇಲೆ ಮಡಕೆಯತ್ತ ನೋಡಿದರು.

“ಒಂದ್ ಗ್ಲಾಸ್ ನೀರು ಕೊಡ್ತೀಯೇನವ್ವಾ?”

ಅಡುಗೆಮನೆಯಲ್ಲಿ ಎರಡು ಕೊಡ ತುಂಬಿದ್ದವು. ಅವು ತುಂಬಿವೆ ಎಂದು ಸ್ನೇಹಲ್‌ಗೆ ಗೊತ್ತಿತ್ತು. ಬೆಳಿಗ್ಗೆ ತುಂಬಿಸಿದವಳೇ ಅವಳು.

“ನೀರಿಲ್ರಿ,” ಎಂದಳು. “ನಳ ಬಂದಿಲ್ಲ.”

“ಇರ್ಲಿ ಬಿಡು,” ಎಂದರು ಅಂಕಲ್. ಹೋಗಲಿಲ್ಲ. ಮೆಟ್ಟಿಲ ಮೇಲೆ ಕೂತು, ಕರವಸ್ತ್ರ ತೆಗೆದು ಕುತ್ತಿಗೆ ಒರೆಸಿಕೊಂಡರು. ತುಟಿ ಒಣಗಿ ಬೆಳ್ಳಗಾಗಿದ್ದವು. ಆಗಲಿ, ಅಂದುಕೊಂಡಳು ಸ್ನೇಹಲ್. ಇನ್ನಷ್ಟು ಒಣಗಲಿ. ಎಡಗಡೆ ಅಂದರೆ ಹೇಗಿರುತ್ತದೆ ಅಂತ ಗೊತ್ತಾಗಲಿ.

ಅಷ್ಟರಲ್ಲಿ ಅಜ್ಜಿ ಬಂದಳು, ಕೈಗೆಲ್ಲ ಹಿಟ್ಟು. ಮೆಟ್ಟಿಲ ಮೇಲೆ ಯಾರು ಕೂತಿದ್ದಾರೆ ಎಂದು ಕೇಳಲಿಲ್ಲ, ಯಾಕೆ ಬಂದಿರಿ ಎನ್ನಲಿಲ್ಲ. ಸೀದಾ ಒಳಗೆ ಹೋಗಿ ಕೈತೊಳೆದು, ಒಂದು ತಟ್ಟೆಯಲ್ಲಿ ಬೆಲ್ಲದ ಚೂರು, ತಂಬಿಗೆ ತುಂಬ ನೀರು, ಸ್ಟೀಲ್ ಗ್ಲಾಸು ತಂದಿಟ್ಟಳು. ಅವರ ಊರ ಕಡೆ ಹಾಗೆಯೇ. ಬಿಸಿಲಲ್ಲಿ ಬಂದವರಿಗೆ ಮೊದಲು ಬೆಲ್ಲ-ನೀರು, ಮಾತು ಆಮೇಲೆ.

ಅಂಕಲ್ ಒಂದು ಗ್ಲಾಸ್ ಕುಡಿದರು, ಉಸಿರು ತೆಗೆದುಕೊಳ್ಳದೆ. ಅಜ್ಜಿ ಮತ್ತೆ ತುಂಬಿದಳು. ಅದನ್ನೂ ಕುಡಿದರು.

“ಬಂದು ಭಾಳ ಹೊತ್ತಾತೇನ್ರಿ?” ಅಜ್ಜಿ ಕೇಳಿದಳು. ಆಮೇಲೆ ಮೊಮ್ಮಗಳ ಕಡೆ ತಿರುಗಿ, “ನೀರ್ ಕೊಟ್ಟಿಲ್ಲೇನ ಕೂಸ?”

ಸ್ನೇಹಲ್ ಖಾಲಿ ಮಡಕೆಯೊಳಗೆ ನೋಡುತ್ತ ನಿಂತಳು. ಈಗ ಅವರು ಹೇಳುತ್ತಾರೆ. ಹೇಳಿಯೇ ಹೇಳುತ್ತಾರೆ.

“ಈಗರ ಬಂದೇನ್ರಿ,” ಎಂದರು ಅಂಕಲ್. “ನಾನೇ ಕೇಳಿಲ್ಲ.”

ಅಜ್ಜಿ ಗೋಡೆಗೆ ಒರಗಿ ಕೂತು ಮಾತಿಗಿಳಿದಳು. ಇವರು ಸಂಡೇ ಸ್ಕೂಲ್ ಮಾಸ್ತರರು ಎಂದು ತಿಳಿದು ಖುಷಿಪಟ್ಟಳು. ಕ್ರಿಸ್‌ಮಸ್ಸಿಗೆ ತಾನೂ ಬಂದು ಹಿಂದೆ ಕೂತು ಕೇಕ್ ತಿಂದದ್ದನ್ನು ನೆನಪಿಸಿದಳು. ತನ್ನ ಹೆಸರು ಹುಲಿಗೆವ್ವ ಎಂದಾಗ ಅಂಕಲ್ ಗ್ಲಾಸನ್ನು ಕೆಳಗಿಟ್ಟರು.

“ಇವತ್ತು ಏನ್ ಪಾಠಾ ಮಾಡಿದ್ರಿ ಹುಡುಗೂರಿಗೆ?”

ಅಂಕಲ್ ಸ್ನೇಹಲ್‌ಳನ್ನು ನೋಡಿದರು.

“ಕುರಿ, ಆಡು ಬ್ಯಾರೆ ಮಾಡೋದ್ರಿ ಅಮ್ಮಾ.”

ಅಜ್ಜಿ ನಕ್ಕಳು. “ಅಯ್ಯ, ಅದನ್ಯಾಕ ಕಲಸ್ತೀರಿ ಈ ಪುಣೆದಾಗ? ಸಣ್ಣಾಕಿದ್ದಾಗ ನಾ ದಿನಾ ಸಂಜಿಕ ಅದನ್ನ ಮಾಡಾಕಿ. ಕುರಿಗೆ ಮೈತುಂಬ ಉಣ್ಣೆ ಅದ, ಹೊರಗ ಹಟ್ಟ್ಯಾಗ ಮಲಗತಾವ. ಆಡಿಗೆ ಚಳಿ ತಡಿಯಂಗಿಲ್ರಿ. ಅವನ್ನ ಬ್ಯಾರೆ ಮಾಡಿ ಗುಡಸಲದೊಳಗ ಕಟ್ಟತಿದ್ವಿ, ನಮ್ಮ ಬಾಜೂಕ.”

ಅಂಕಲ್ ಗ್ಲಾಸನ್ನು ಮುಂದೆ ಚಾಚಿದರು. ಅಜ್ಜಿ ಮೂರನೆಯ ಸಲ ತುಂಬಿದಳು.

ಹೊರಡುವಾಗ ಅವರು ಜೇಬಿನಿಂದ ಒಂದು ಚೀಟಿ ತೆಗೆದು ಸ್ನೇಹಲ್‌ಳ ಕೈಗಿಟ್ಟರು. ಅದರ ಹಿಂದೆ ಅಂಟು ಒಣಗಿತ್ತು, ಎರಡು ಸಲ ಕಿತ್ತಿದ್ದಕ್ಕೆ ಮೂಲೆ ಹರಿದಿತ್ತು. “ಪಾಠಾ ಅರ್ಧಕ್ಕ ನಿಲ್ಲಿಸಿದ್ದೆ,” ಎಂದರು. “ಉಳಿದದ್ದು ಓದು. ನಾನೂ ಮತ್ತೊಮ್ಮೆ ಓದತೀನಿ.”

ಅವರ ಮೇಲಿನ ಸಿಟ್ಟು ಆಗಲೂ ಪೂರ್ತಿ ಹೋಗಿರಲಿಲ್ಲ. ಎಲ್ಲರೆದುರು ಕಿತ್ತು, ಹೀಗೆ ಒಬ್ಬಳಿಗೇ ಕೊಟ್ಟರೆ ಆಯಿತೇ? ಆದರೂ ಚೀಲದಿಂದ ಸತ್ಯವೇದ ತೆಗೆದು ಕ್ಲಾಸಿನಲ್ಲಿ ಗೆರೆ ಹಾಕಿದ್ದ ವಾಕ್ಯದಿಂದ ಮುಂದೆ ಓದಿದಳು. ರಾಜನು ಬಲಗಡೆಯವರ ಜೊತೆ ಮಾತಾಡುತ್ತಿದ್ದ. ನಾನು ಹಸಿದಿದ್ದೆ, ಊಟ ಕೊಟ್ಟಿರಿ ಎನ್ನುತ್ತಿದ್ದ. ಅವಳ ಬೆರಳು ಅದರ ಮುಂದಿನ ಮಾತಿನ ಮೇಲೆ ನಿಂತಿತು. ಅಲ್ಲಿ ನೀರಿತ್ತು.

ಆಮೇಲೆ ಎಡಗಡೆಯವರಿಗೂ ಅದೇ ಮಾತು, ಆದರೆ ಉಲ್ಟಾ: ನಾನು ಬಾಯಾರಿದ್ದೆ, ನೀವು ನೀರು ಕೊಡಲಿಲ್ಲ. ಅದನ್ನು ಅವಳು ಮೆಲ್ಲಗೆ ಓದಿದಳು, ಎರಡು ಸಲ.

ನೋಟ್‌ಬುಕ್ಕಿನ ಕೊನೆಯ ಪುಟ ಇನ್ನೂ ತೆರೆದೇ ಇತ್ತು. ಒಂದು, ಎರಡು. ಮೂರನೆಯ ಸಾಲು ಖಾಲಿ. ರಬ್ಬರಿನಿಂದ ಉಜ್ಜಿ ನೋಡಿದಳು. ಬಾಲ್‌ಪೆನ್ನಿನ ಬರಹ ಹೋಗಲಿಲ್ಲ, ತೂತು ಮಾತ್ರ ದೊಡ್ಡದಾಯಿತು. ಆ ಹಾಳೆಯನ್ನೇ ಹರಿದಳು.

ಹನ್ನೆರಡನೆಯ ದಿನದ ಲೆಕ್ಕ ಬರೆಯಬೇಕಿತ್ತು. ಹಾಕಿದ್ದು ಹದಿನೈದು ಲೀಟರ್, ಉಳಿದದ್ದು ಸೊನ್ನೆ. ಅಂಕಲ್ ಕುಡಿದದ್ದು ಕೊಡದ ನೀರು, ಪ್ರಾಜೆಕ್ಟಿಗೆ ಸೇರುವುದಿಲ್ಲ. ಆದರೂ ಅವಳು ಕೆಳಗೆ ಸ್ಕೇಲಿಟ್ಟು ಇನ್ನೊಂದು ಗೆರೆ ಎಳೆದು, ಅವರ ಹೆಸರು ಬರೆದು, ಪಕ್ಕದಲ್ಲಿ ಅಳತೆ ಬರೆದಳು.

750 ಮಿಲಿಲೀಟರ್.