ಸ್ಟೋರ್ ರೂಮಿಗೆ ನೂರು ಹೆಜ್ಜೆ

"ಮೀಟರ್ ಕೆಳಗಿಡು."

ದನಿ ಹಿಂದಿನಿಂದ ಬಂತು. ಕುತ್ತಿಗೆಗೆ ತಣ್ಣಗೆ ತಾಗಿದ್ದು ಸ್ಪ್ಯಾನರ್. ದೊಡ್ಡದು... ಟ್ರಾನ್ಸ್‌ಫಾರ್ಮರ್ ಬೋಲ್ಟ್ ಬಿಚ್ಚೋದು.

ಹಿಡಿದವನು ಗೂಳಿ. ಈ ಟ್ರಾನ್ಸ್‌ಫಾರ್ಮರ್ ಕಾರ್ಖಾನೆಯ ಮ್ಯಾನೇಜರ್ ಸಾಕಿದ ಆಳು. ಆ ಹೆಸರನ್ನು ಮುಖ ನೋಡಿಯೇ ಇಟ್ಟಿರಬೇಕು.

"ಒಂದು ನಿಮಿಷ," ಅಂದೆ. "ಇಪ್ಪತ್ತಾರು ಆಂಪಿಯರ್ ಮುಟ್ಟಲಿ."

"ಮುಟ್ಟಿದ್ರೆ?"

"ಒಬ್ಬ ಬಡಪಾಯಿ ಉಳ್ಕೋತಾನೆ."

ಆ ಬಡಪಾಯಿ ಯಾರು ಅಂತ ಹೇಳ್ಬಿಡ್ತೀನಿ, ಕೇಳಿ. ಬಟ್ಟೆ ಮಿಲ್ಲೊಂದರ ಪ್ಯಾನೆಲ್ ಆಪರೇಟರ್. ಹೋದ ವಾರ ಅಲ್ಲಿ ಕೇಬಲ್ ಶಾರ್ಟ್ ಆಯ್ತು. ಕರೆಂಟ್ ಕಡಿಯಬೇಕಾದ ಬ್ರೇಕರ್ ತಾನೇ ಸಿಡೀತು. ಎದುರಿಗಿದ್ದವನ ಎರಡೂ ಕೈ ಸುಟ್ಟು ಹೋದವು.

ಟ್ರಾನ್ಸ್‌ಫಾರ್ಮರ್ ಮಾಡಿ ಮಾರಿದ್ದು ಈ ಮ್ಯಾನೇಜರ್ ಕಂಪನಿ. ತಪಾಸಣೆಗೆ ಅಂತ ಅದನ್ನ ಮಿಲ್ಲಿಂದ ಇಲ್ಲಿಗೇ ವಾಪಸ್ ತಂದಿಟ್ಟಿದ್ರು. ಮಾಲಿಗೆ ಮಸಿ ಹತ್ತಬಾರದು... ಅದಕ್ಕೇ ನನ್ನ ಕರೆಸಿದ್ರು. ಅಪಘಾತದ ರಿಪೋರ್ಟ್ ಬರೆದು ತಪ್ಪನ್ನು ಬೇಕಾದವರ ತಲೆಗೆ ಕಟ್ಟೋದು ನನ್ನ ಕಸುಬು.

"ಆಪರೇಟರ್ ಎಡವಟ್ಟು ಅಂತ ಬರೀರಿ," ಅಂದಿದ್ರು ಮ್ಯಾನೇಜರ್. "ನಾಲ್ಕು ಗಂಟೆಗೆ ರಿಪೋರ್ಟ್ ಸ್ಟೇಷನ್ನಲ್ಲಿರಲಿ. ಅವನನ್ನ ಆಸ್ಪತ್ರೆಯಿಂದಲೇ ಎತ್ತಾಕ್ಕೊಂಡು ಹೋಗ್ತಾರೆ."

ಬರೀತಿದ್ದೆ. ನಿಮ್ಮ ಹತ್ರ ಮುಚ್ಚುಮರೆ ಯಾಕೆ? ಬರೆದೇ ಬಿಡ್ತಿದ್ದೆ. ಆದ್ರೆ ಫೈಲಲ್ಲಿ ಹಳೇ ಟೆಸ್ಟ್ ಶೀಟ್ ಸಿಕ್ತು. ಇಂಪೀಡೆನ್ಸ್ ನಾಲ್ಕೂವರೆ ಪರ್ಸೆಂಟ್. ಕೆಳಗೊಂದು ಸಹಿ.

ನನ್ನ ಸಹಿ.

ಆರು ವರ್ಷದ ಹಿಂದೆ ನಾನು ಇಲ್ಲೇ ಟೆಸ್ಟರ್. ಓದಿ ಕಲಿತವನಲ್ಲ, ಶಾಕ್ ಹೊಡೆಸಿಕೊಂಡು ಕಲಿತವನು. ಶಾರ್ಟ್ ಸರ್ಕ್ಯೂಟ್ ಟೆಸ್ಟ್ ಏನು ಬ್ರಹ್ಮವಿದ್ಯೆ ಅಲ್ಲ. ಒಂದು ಕಡೆಯ ತುದಿಗಳನ್ನೆಲ್ಲ ದಪ್ಪ ತಾಮ್ರದ ಪಟ್ಟಿ ಹಾಕಿ ಒಟ್ಟಿಗೆ ಬಿಗೀರಿ. ಇನ್ನೊಂದು ಕಡೆ ವೋಲ್ಟೇಜ್ ಮೆಲ್ಲಗೆ ಏರಿಸಿ. ಫುಲ್ ಲೋಡ್ ಕರೆಂಟ್, ಈ ಮಾಲಿಗೆ ಇಪ್ಪತ್ತಾರು ಆಂಪಿಯರ್, ಹರಿದ ಕೂಡಲೇ ನಿಲ್ಲಿಸಿ ವೋಲ್ಟ್ ಓದಿ. ಹನ್ನೊಂದು ಸಾವಿರ ವೋಲ್ಟಿನ ಮಾಲಲ್ಲಿ ಅದು ನೂರಕ್ಕೆ ಎಷ್ಟು? ಅದೇ ಇಂಪೀಡೆನ್ಸ್. ಅದು ಕಮ್ಮಿ ಇದ್ದಷ್ಟೂ ಶಾರ್ಟ್ ಆದಾಗ ನುಗ್ಗೋ ಕರೆಂಟ್ ಜಾಸ್ತಿ. ಬ್ರೇಕರ್ ಆರಿಸೋದು ಆ ಲೆಕ್ಕ ನಂಬಿ.

ಅವತ್ತು ಪಟ್ಟಿ ಸ್ಟೋರ್ ರೂಮಲ್ಲಿತ್ತು. ನೂರು ಹೆಜ್ಜೆ. ಮೈಯೆಲ್ಲ ಸೋಮಾರಿತನ... ಕೈಗೆ ಸಿಕ್ಕ ತೆಳ್ಳನೆ ವೈರ್ ಕಟ್ಟಿದೆ. ಪೂರ್ತಿ ಕರೆಂಟ್ ಬಿಟ್ರೆ ವೈರ್ ಹೊಗೆಯಾಡುತ್ತಲ್ಲ? ಹತ್ತರಲ್ಲೊಂದು ಪಾಲಿಗೆ ನಿಲ್ಲಿಸಿ, ಬಂದ ವೋಲ್ಟನ್ನ ಹತ್ತರಿಂದ ಗುಣಿಸಿದೆ. ನಾನೂರ ತೊಂಬತ್ತೈದು. ಅಂದ್ರೆ ನಾಲ್ಕೂವರೆ. ಅದರಲ್ಲಿ ವೈರಿನ ಅಡ್ಡಿಯೂ ಸೇರಿದೆ, ನಿಜವಾದದ್ದು ಇನ್ನೂ ಕಮ್ಮಿ ಅಂತ ವ್ಯಾಟ್ ಮೀಟರ್ ಬಾಯಿ ಬಡ್ಕೊಂಡು ಹೇಳ್ತಿತ್ತು.

ವ್ಯಾಟ್ ಕಾಲಂ ಖಾಲಿ ಬಿಟ್ಟೆ.

ಈಗ ಮುಳ್ಳು ಇಪ್ಪತ್ತಾರು ಮುಟ್ಟಿತು. ಈ ಸಲ ದಪ್ಪ ಪಟ್ಟಿ, ಬಿಗಿ ಬೋಲ್ಟ್. ಹೊಸ ಶೀಟಲ್ಲಿ ವ್ಯಾಟ್ ಬರೆದು ವೋಲ್ಟ್ ನೋಡಿದೆ. ಮುನ್ನೂರ ಐವತ್ತೆರಡು.

ಮೂರು ಪಾಯಿಂಟ್ ಎರಡು ಪರ್ಸೆಂಟ್.

ನನ್ನ ಶೀಟ್ ನಂಬಿ ಹದಿನೈದು ಸಾವಿರ ಆಂಪಿಯರ್‌ಗೆ ಬ್ರೇಕರ್ ಹಾಕಿದ್ರು. ನುಗ್ಗಿದ್ದು ಇಪ್ಪತ್ತು ಸಾವಿರ!

"ಆಯ್ತಾ?" ಗೂಳಿ ಗುರುಗುಟ್ಟಿದ.

"ಆಯ್ತು. ಆ ಸ್ಪ್ಯಾನರ್ ಸ್ವಲ್ಪ ಹಿಂದಕ್ಕೆ ತಗೋ ಮಾರಾಯ. ಮೇಲಿನ ತುದಿಗೆ ತಾಗಿದ್ರೆ ಇಬ್ಬರಿಗೂ ಒಂದೇ ಗುಂಡಿ."

ಎರಡು ಹೆಜ್ಜೆ ಹಿಂದೆ ಸರಿದ. ನನಗೆ ಅಷ್ಟು ಸಾಕಿತ್ತು. ಸಪ್ಲೈ ಕಡಿದೆ. ಹಳೇದು ಹೊಸದು ಎರಡೂ ಶೀಟ್ ಕಿತ್ಕೊಂಡು ಓಡಿದೆ.

ಗೇಟಿನಾಚೆ ಸ್ಕೂಟರ್ ಉಸಿರಾಡ್ತಾ ನಿಂತಿತ್ತು. ಮೇಲೆ ಆಪರೇಟರ್‌ನ ಅಕ್ಕ. ಬೆಳಿಗ್ಗೆ ಅವಳಿಗೆ ಒಂದೇ ಮಾತು ಹೇಳಿದ್ದೆ, ನಿನ್ನ ತಮ್ಮನ್ನ ಉಳಿಸೋ ಸಾಕ್ಷಿ ತರ್ತೀನಿ, ಮೂರು ಗಂಟೆಗೆ ಬಾ ಅಂತ.

"ಹತ್ತಿ ಅಣ್ಣಾ!"

ಹಿಂದೆ ಗೂಳಿಯ ಜೀಪು ಗರ್ಜಿಸಿತು.

"ಸಿಕ್ತಾ ಅಣ್ಣಾ?"

"ಸಿಕ್ತು. ನಿನ್ನ ತಮ್ಮನ ತಪ್ಪು ಎಳ್ಳಷ್ಟೂ ಇಲ್ಲ."

"ಮತ್ಯಾರದು?"

ಜೇಬಲ್ಲಿ ಫೋನ್ ಅರಚಿತು. ಮ್ಯಾನೇಜರ್.

"ಸಹಿ ನಿಮ್ಮದು ಕಣ್ರೀ. ಅದೇ ವೈರಲ್ಲಿ ಹನ್ನೆರಡು ಟ್ರಾನ್ಸ್‌ಫಾರ್ಮರ್ ಪಾಸ್ ಮಾಡಿದ್ರಿ. ಸುಮ್ಮನಿದ್ರೆ ಇಬ್ಬರೂ ಉಳೀತೀವಿ."

"ಆವಾಗಲೇ ಗೊತ್ತಿತ್ತಾ ನಿಮಗೆ?"

"ಖರ್ಚು ಉಳಿಸೋಕೆ ಸುರುಳಿ ನಡುವಿನ ಜಾಗ ಕಮ್ಮಿ ಮಾಡಿಸಿದ್ದೇ ನಾನು, ಇಂಪೀಡೆನ್ಸ್ ಇಳಿದದ್ದು ಅದಕ್ಕೇ. ನಿಮ್ಮ ವೈರ್ ಅದನ್ನ ಮುಚ್ಚಿ ಹಾಕ್ತು. ಎಷ್ಟು ಚೆನ್ನಾಗಿತ್ತು..."

ಫೋನ್ ಕತ್ತರಿಸಿದೆ. ಅವಳು ಸ್ಕೂಟರನ್ನು ಸಂದಿಗೆ ನುಗ್ಗಿಸಿದಳು. ಎರಡು ಗೋಡೆ, ನಡುವೆ ಎರಡು ಮೊಳದ ದಾರಿ. ಜೀಪು ಸಂದಿಯ ಬಾಯಲ್ಲೇ ಸಿಕ್ಕಿಕೊಂಡು ಕಿರುಚಿತು.

"ಯಾರದು ಅಂದೆ, ಅಣ್ಣಾ."

"ನಂದು."

ಸ್ಕೂಟರ್ ಒಂದು ಸಲ ಅಲುಗಿತು. ನಿಲ್ಲಲಿಲ್ಲ.



"ಬೆಳಿಗ್ಗೆ ಅವನಿಗೆ ನಾನೇ ತುತ್ತಿಟ್ಟು ಬಂದೆ," ಅಂದಳು. "ಮೂವತ್ತು ವರ್ಷದ ಗಂಡಸು. ನನ್ನ ಮುಖ ನೋಡೋಕೆ ನಾಚಿಕೊಂಡು ಕಣ್ಣು ಮುಚ್ಕೊಂಡೇ ಬಾಯಿ ತೆರೀತಾನೆ."

ಸೀಟಿನ ಅಂಚು ಹಿಡಿದಿದ್ದ ಕೈ ತೆಗೆದೆ.

"ಗಟ್ಟಿ ಹಿಡ್ಕೊಳ್ಳಿ. ನೀವು ಬಿದ್ದು ಸತ್ರೆ ಸಾಕ್ಷಿ ಹೇಳೋರು ಯಾರು?"

ಅಣ್ಣಾ ಅನ್ನಲಿಲ್ಲ. ಆಮೇಲೆ ಯಾವತ್ತೂ ಅನ್ನಲಿಲ್ಲ.

ನಾಲ್ಕಕ್ಕೆ ಹತ್ತು ನಿಮಿಷ ಇರುವಾಗ ಸ್ಟೇಷನ್ ಮೇಜಿನ ಮೇಲೆ ರಿಪೋರ್ಟ್ ಇಟ್ಟೆ. ಎರಡೂ ಶೀಟ್, ಮ್ಯಾನೇಜರ್ ಮಾತು, ಈಗಲೂ ಕರೆಂಟ್ ಕೊಡ್ತಿರೋ ಉಳಿದ ಹನ್ನೊಂದರ ನಂಬರ್. ಈ ಸಲ ಒಂದು ಕಾಲಮ್ಮೂ ಖಾಲಿ ಇರಲಿಲ್ಲ.

ಇನ್ಸ್‌ಪೆಕ್ಟರ್ ಎರಡು ಸಲ ಓದಿದರು. "ಈ ಹಳೇ ಸಹಿ..."

"ನಂದೇ ಸ್ವಾಮಿ."

"ಆಪರೇಟರ್‌ನ ಎತ್ತಾಕ್ಕೊಂಡು ಬರೋದು ಬೇಡ್ರಪ್ಪಾ," ಅಂತ ಪೇದೆಗೆ ಹೇಳಿದರು. ಆಮೇಲೆ ನನ್ನ ಕಡೆ ನೋಡಿದರು. "ಮ್ಯಾನೇಜರ್‌ನ ಕರ್ಕೊಂಡು ಬರೋಕೆ ಜೀಪು ಹೋಗುತ್ತೆ. ನೀವು ನಡೀರಿ."

ಬಾಗಿಲಲ್ಲಿ ಅವಳು ನಿಂತಿದ್ದಳು. ಬೈದಿದ್ದರೆ ಹಗುರಾಗ್ತಿತ್ತು.

ಮೇಜಿನಿಂದ ಲಾಕಪ್‌ವರೆಗೆ ಹೆಜ್ಜೆ ಎಣಿಸಿದೆ. ನಲವತ್ತೆರಡು.

ಸ್ಟೋರ್ ರೂಮೇ ದೂರ ಇತ್ತು.