ಲಾಗಿನ್ ಕೈಕೊಟ್ಟ ದಿನ

ಫೋನಿನಲ್ಲಿ ಅವನು "ಬಂದೆ" ಎಂದದ್ದೇ ತಡ, ಬೆಳಗಿನಿಂದ ಗಂಟಿಕ್ಕಿಕೊಂಡಿದ್ದ ಅವಳ ಹುಬ್ಬು ಸಡಿಲವಾಯಿತು.

ಆಸ್ಪತ್ರೆಯ ಸರ್ವರ್ ನೋಡಿಕೊಳ್ಳುವವಳು ಅವಳು. ಇಂದು ಆ ಸರ್ವರ್ ಯಾರ ಪಾಸ್‌ವರ್ಡನ್ನೂ ಒಪ್ಪುತ್ತಿಲ್ಲ. ಲ್ಯಾಬ್ ರಿಪೋರ್ಟುಗಳೆಲ್ಲ ಒಳಗೇ ಸಿಕ್ಕಿಬಿದ್ದಿವೆ. ಕೆಲಸ ಕಾಯಂ ಆಗಬೇಕಿದ್ದ ವಾರದಲ್ಲೇ ಈ ಗ್ರಹಚಾರ. "ಸಂಜೆಯೊಳಗೆ ಸರಿಹೋಗದಿದ್ರೆ ಬೇರೆಯವರನ್ನ ನೋಡ್ಕೋತೀವಿ" ಎಂದು ಸಾಹೇಬರು ನರ್ಸುಗಳ ಎದುರೇ ಅಂದು ಹೋಗಿದ್ದರು.

ಅವನೋ, ಹೋದ ತಿಂಗಳವರೆಗೂ ಇದೇ ಕೋಣೆಯಲ್ಲಿ ಪಕ್ಕದ ಕುರ್ಚಿಯವನು. ಈಗ ಬಡ್ತಿ ಸಿಕ್ಕಿ ಮೇಲಿನ ಮಹಡಿ ಸೇರಿದ್ದ.

"ಬಂದ್ರಾ ದೊರೆಗಳು? ಮಹಡಿ ಹತ್ತಿದ ಮೇಲೆ ನಾವೆಲ್ಲ ಎಲ್ಲಿ ಕಣ್ಣಿಗೆ ಬೀಳ್ತೀವಿ" ಎಂದಳು, ಅವನು ಬಾಗಿಲಲ್ಲಿ ಕಂಡೊಡನೆ.

"ಕಣ್ಣಿಗೆ ಬೀಳದೆ ಇದ್ದಿದ್ರೆ ಹೀಗೆ ಓಡಿ ಬರ್ತಿದ್ನಾ?"

ಅವಳ ಕಿವಿಯ ಹಿಂದೆ ಸಿಕ್ಕಿಸಿದ್ದ ಪೆನ್ನು ನೋಡಿ ಅವನು ನಕ್ಕ. ತೆಗೆಯಲು ಹೋದವಳು ಹಾಗೇ ಬಿಟ್ಟಳು, ನೋಡಲಿ ಎಂದೇ. ಅವನು ಕುರ್ಚಿ ಎಳೆದುಕೊಂಡು, ಪರದೆಗೆ ಬೆನ್ನು ಹಾಕಿ, ಅವಳ ಮುಖ ನೋಡುತ್ತಾ ಕೂತ.

"ಲಾಗಿನ್ ಪ್ಯಾಕೇಜ್ ಎರಡು ಸಲ ಹಾಕಿದೆ. ಜಪ್ಪಯ್ಯ ಅನ್ಲಿಲ್ಲ" ಎಂದಳು.

"ಅದು ಸರಿಯಾಗೇ ಇದೆ. ಅದು ಪಾಸ್‌ವರ್ಡ್ ಓದೋಕೆ ಬಳಸೋ ಎನ್‌ಕ್ರಿಪ್ಷನ್ ಲೈಬ್ರರಿ ಹೋಗಿದೆ. ಅದನ್ನ ರೀಇನ್‌ಸ್ಟಾಲ್ ಮಾಡು, ಹಳೇ ವರ್ಷನ್ನೇ."

ಅವಳ ಬೆರಳುಗಳು ಕೀಲಿಮಣೆಯ ಮೇಲೆ ನಿಂತುಬಿಟ್ಟವು.

"ಎರರ್ ಏನು ಅಂತ ನಾನಿನ್ನೂ ಹೇಳೇ ಇಲ್ಲ. ನೀನು ಸ್ಕ್ರೀನ್ ಕೂಡ ನೋಡಿಲ್ಲ."

ಅವನ ಮುಖ ಕಪ್ಪಿಟ್ಟಿತು. "ನಿನ್ನೆ ರಾತ್ರಿ ಮೇಲಿನ ಮಹಡಿಯಿಂದ ಆ ಲೈಬ್ರರೀನ ನಾನೇ ತೆಗೆದೆ. ನೀನು ಕರೀತೀಯ, ಒಂದು ಮಧ್ಯಾಹ್ನ ಮೊದಲಿನ ಹಾಗೆ ಜೊತೆಗೆ ಕೂರಬಹುದು ಅಂತ. ನೀನಂದ್ರೆ ನಂಗೆ ಪ್ರಾಣ. ಇಷ್ಟು ದೊಡ್ಡದಾಗತ್ತೆ ಅಂದ್ಕೊಂಡಿರ್ಲಿಲ್ಲ."

"ಬಾ, ಟೀ ಕುಡಿಯೋಣ ಅಂದಿದ್ರೆ ಸಾಕಿತ್ತು."

ಅವಳು ಲೈಬ್ರರಿ ಹಾಕಿ, ಸರ್ವರ್ ಮತ್ತೆ ಶುರು ಮಾಡಿದಳು. ಮೊದಲ ಯತ್ನಕ್ಕೇ ಲಾಗಿನ್ ಆಯಿತು.

"ಇವತ್ತು ನಿನ್ನ ಹತ್ರ ಮನಸಿನ ಮಾತು ಹೇಳ್ಬಿಡ್ತೀನಿ ಅಂತ ಅಕ್ಕನಿಗೆ ಹೇಳಿ ಬಂದಿದ್ದೆ" ಎಂದಳು. "ಆ ಮಾತು ಈಗ ಬೇಡ. ನೀನು ಹೊರಡು."

"ಸಾಹೇಬ್ರಿಗೆ ಹೇಳ್ತೀಯಾ?"

"ಹೊರಡು ಅಂದೆ."

ಬಾಗಿಲು ಮುಚ್ಚಿದ ಮೇಲೆ ಅವಳು ಸ್ವಲ್ಪ ಹೊತ್ತು ಅತ್ತಳು. ಆಮೇಲೆ ಮುಖ ಒರೆಸಿಕೊಂಡು ಸಾಹೇಬರಿಗೆ ಫೋನ್ ಮಾಡಿ, ಆದದ್ದನ್ನು ಆದ ಹಾಗೇ ಹೇಳತೊಡಗಿದಳು. "ಯಾರು ತೆಗೆದಿದ್ದು?" ಎಂದು ಅವರು ಕೇಳಿದರು. ಅವಳು ಕಿವಿಯ ಹಿಂದಿನ ಪೆನ್ನು ತೆಗೆದು ಮೇಜಿನ ಮೇಲಿಟ್ಟು, ಅವನ ಹೆಸರು ಹೇಳಿದಳು.